ಬೆರ್ಚಪ್ಪನ ರೇಷ್ಮೆ ಶರ್ಟ್

ಫೆಬ್ರವರಿ ೧೧, ಬುಧವಾರ.

ಅಜ್ಜನ ಕಾಲದ ಮುರಕಲ್ಲಿನ ಮನೆಯನ್ನು ದೊಡ್ಡದು ಮಾಡುವ ಭರದಲ್ಲಿ ಅಣ್ಣ ನನ್ನ ಕೋಣೆಯ ಕಿಟಕಿಯನ್ನೇ ಕಲ್ಲಿಟ್ಟು ಮುಚ್ಚಿಸಿದ. ಆಚೆ ಬದಿಯಲ್ಲಿ ಅವನ ಹೊಸ ಬಾತ್‌ರೂಮ್ ಬರಲಿಕ್ಕುಂಟಂತೆ. ನನ್ನಲ್ಲಿ ಒಂದು ಮಾತು ಕೇಳಲಿಲ್ಲ.

ಆದ್ದರಿಂದ ಇಂದು ಬೆಳಗ್ಗೆ, ಮನೆಗೆ ದೃಷ್ಟಿ ತಾಗದಿರಲೆಂದು ತೂಗುಹಾಕುವ ಹುಲ್ಲಿನ ಬೆರ್ಚಪ್ಪನಿಗೆ, ಅಣ್ಣನ ನಿಶ್ಚಿತಾರ್ಥದ ರೇಷ್ಮೆ ಶರ್ಟನ್ನು ನಾನು ಶಾಸ್ತ್ರೋಕ್ತವಾಗಿ ತೊಡಿಸಿದೆ. ಮೇಸ್ತ್ರಿ ನಗು ನುಂಗಿಕೊಂಡು ಅದನ್ನು ಹೊಸ ಗೋಡೆಯ ತುದಿಗೆ ಕಟ್ಟಿದರು.

“ಅದು ನನ್ನ ಶರ್ಟ್ ಮಾರಾಯ್ತಿ! ಈಗಲೇ ಇಳಿಸು!” ಅಣ್ಣ ಬೊಬ್ಬೆ ಹಾಕಿದ.

“ಕಟ್ಟಿದ್ದನ್ನು ಗೃಹಪ್ರವೇಶದವರೆಗೆ ಮುಟ್ಟಲಿಕ್ಕಿಲ್ಲ,” ಎಂದರು ಅಮ್ಮ. “ನಿನಗೆ ಬೇರೆ ಶರ್ಟ್ ಇಲ್ವಾ?”

ಗೃಹಪ್ರವೇಶಕ್ಕೆ ಮೊದಲು ಇಡೀ ಮಳೆಗಾಲ ಉಂಟು. ನೆನೆಯಲಿ ರೇಷ್ಮೆ. ಬೇಸರ ಒಂದೇ: ಕಿಟಕಿ ಇದ್ದಿದ್ದರೆ ಮಲಗಿದಲ್ಲಿಂದಲೇ ನೋಡಬಹುದಿತ್ತು, ಈಗ ಟಾರ್ಚ್ ಹಿಡಿದು ಅಂಗಳಕ್ಕೆ ಹೋಗಬೇಕು.