ಆಕೆಯ ಲಾಲಿಗೆ ನಿಮ್ಮ ಖಂಜಿರ

ನೆಗಮಂ
೧೬-೨-೧೯೮೬

ನನ್ನವರಿಗೆ, ನಿಮ್ಮ ವಿಜಯಕುಮಾರಿ ಮಾಡುವ ನಮಸ್ಕಾರಗಳು.

ಇಲ್ಲಿ ಅಪ್ಪ, ತಂಗಿ ಚಂದ್ರಾ ಕ್ಷೇಮ. ಕನ್ನಡದಲ್ಲಿ ಬರೆಯುತ್ತಿದ್ದೇನೆ; ಅತ್ತೆಗೆ ಈ ಅಕ್ಷರ ಬಾರದು, ಅದೇ ಒಳ್ಳೆಯದು. ಅಪ್ಪನಿಗೆ ಮೈ ಸರಿಯಿಲ್ಲವೆಂದು ಅವರಿಗೆ ಹೇಳಿ ಗಾಂಧಿಪುರಂ ನಿಲ್ದಾಣದಲ್ಲಿ ಬಸ್ ಹತ್ತಿದೆ. ಅಪ್ಪ ಗಟ್ಟಿಮುಟ್ಟಾಗಿ ಮಗ್ಗದಲ್ಲಿ ಕೂತಿದ್ದಾರೆ.

ಕಚೇರಿಗೆ ಬಂದಿದ್ದ ಸ್ಪೇನಿನ ತಂಡದ ತಾಳವಾದ್ಯದವನಿಗೆ ಜ್ವರ ಬಂದು ನಿಮ್ಮನ್ನು ಕರೆದಾಗ ನನಗೆಷ್ಟು ಹೆಮ್ಮೆಯಾಗಿತ್ತು! ಹೊಸ ಸೀರೆಯುಟ್ಟು, ನಮ್ಮಲ್ಲಿಗೆ ಬಂದಿದ್ದ ಚಂದ್ರಾಳನ್ನೂ ಕರೆದುಕೊಂಡು ಕಾಲೇಜಿನ ಹಾಲ್‌ಗೆ ಬಂದೆ. ಮೆಡಿಟರೇನಿಯನ್ ಕಡಲಿನ ಸುತ್ತ ನೂರಾರು ವರ್ಷಗಳ ಹಿಂದೆ ಹಾಡುತ್ತಿದ್ದ ಹಾಡುಗಳೆಂದರು. ಕ್ರೈಸ್ತರು ಮೇರಿಮಾತೆಗೆ ಹಾಡಿದ್ದು, ಮುಸಲ್ಮಾನರದು ಅರಬ್ಬಿಯಲ್ಲಿ, ಕೊನೆಗೆ ಯಹೂದಿ ತಾಯಂದಿರ ಲಾಲಿ. ಲಾಲಿಯ ನಡುವೆ ಹಾಡುತ್ತಿದ್ದ ಹೆಂಗಸು ತಡೆದು ನಿಂತಳು. ನೀವೂ ನಿಂತಿರಿ. ಅವಳು ನಿಮ್ಮತ್ತ ನೋಡಿದಳು. ನೀವು ತಲೆಯಾಡಿಸಿ ಬೆರಳ ತುದಿಯಿಂದ ಮೆಲ್ಲಗೆ ಶುರುಮಾಡಿದಿರಿ. ಮದುವೆಯಾದ ಹೊಸದರಲ್ಲಿ ನಾನು ಒಲೆಯ ಮುಂದೆ ಹಾಡುವಾಗ, ಬಾಗಿಲಿಗೆ ಒರಗಿ ಹೀಗೇ ಬಾರಿಸುತ್ತಿದ್ದಿರಿ.

“ಭಾವ ರೊಂಬ ಚೆನ್ನಾಗಿ ಬಾರಿಸ್ತಾರೆ, ಅಲ್ವಾಕ್ಕಾ?” ಎಂದು ಚಂದ್ರಾ ತಿವಿದಳು. ಹೂಂ ಎಂದೆ. ಆ ಹಾಡುವವಳ ಬಿಚ್ಚುಗೂದಲು ಕಂಡರೂ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆದರೆ ನೀವು ತಲೆಯಾಡಿಸಿದ್ದು ಕಂಡು ಉರಿದದ್ದು ಇನ್ನೂ ಆರಿಲ್ಲ.

ಮನೆಗೆ ಬಂದ ಮೇಲೆ, ಚೌಡೇಶ್ವರಿ ಹಬ್ಬಕ್ಕೆ ನಾನು ಹಾಡಿದರೆ ಬಾರಿಸುತ್ತೀರಾ ಎಂದು ಕೇಳಿದೆ. “ಅವಳು ಕಚೇರಿ ಮಾಡೋಳು. ನೀನು ಮನೇಲಿ ಇರೋಳು. ಜನ ಏನಂತಾರೆ?” ಎಂದು ಖಂಜಿರವನ್ನು ಬಟ್ಟೆಯಲ್ಲಿ ಸುತ್ತಿಟ್ಟಿರಿ. ಮೂರು ಮತದವರ ಹಾಡಿಗೂ ಒದಗಿದ ಕೈ, ಕಟ್ಟಿಕೊಂಡ ಹೆಂಡತಿಯ ಹಾಡಿಗೆ ಬರಲಿಲ್ಲ. ಬೆಳಗಾದ ಮೇಲೆ ಚೀಲ ತುಂಬಿದೆ.

ಅತ್ತೆಯ ಮಂಡಿಗೆ ಎಣ್ಣೆ ಕಾಸಿ ಹಚ್ಚಿ. ಯಾವಾಗ ಬರುತ್ತೀಯೆಂದು ಕೇಳಿ ಕಾಗದ ಹಾಕಬೇಡಿ.

ಇಂತಿ,
ವಿಜಯಕುಮಾರಿ

ತಾ.ಕ.: ಬರುವ ಶುಕ್ರವಾರ ಇಲ್ಲಿಯ ಗುಡಿಯಲ್ಲಿ ಹಾಡುತ್ತೇನೆ, ಅಪ್ಪ ಒಪ್ಪಿದ್ದಾರೆ. ಖಂಜಿರಕ್ಕೆ ಪೊಳ್ಳಾಚಿಯ ರಾಮಸಾಮಿ ಬರುತ್ತೇನೆಂದಿದ್ದಾರೆ. ನಿನ್ನೆ ಜೊತೆಗೂಡಿ ನೋಡಿದೆವು, ಚೆನ್ನಾಗಿಯೇ ಹೊಂದಿತು. ಗುರುವಾರದವರೆಗೆ ಅವರಿಗೆ ಹೂಂ ಅನ್ನುವುದಿಲ್ಲ.