ಎರಡನೇ ಓದು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಲ್ಪವಿರಾಮ ಸರ್ ಅವರಿಗೆ,

ನಮಸ್ಕಾರ. ನೀವು ಫೋನ್ ಎತ್ತದೆ ಹದಿನೇಳು ದಿನವಾಯಿತು. ಅದಕ್ಕೇ ಈ ಕಾಗದ.

ನಿಮ್ಮ ಕುರ್ಚಿಯನ್ನು ಇನ್ನೂ ಯಾರೂ ತೆಗೆದಿಲ್ಲ, ನೀವು ಹೋದ ಮೇಲೆ ಅದರ ಮೇಲೆ ಹಳೆಯ ಕೀಬೋರ್ಡುಗಳನ್ನು ಒಟ್ಟಿದ್ದರು. ನಮ್ಮ ಮೇಜಿನ ಪದ್ಧತಿ ನೆನಪಿದೆಯಲ್ಲ? ಷೇರುಪೇಟೆಯ ಸುದ್ದಿಯನ್ನು ನಾನು ಬರೆಯುವುದು, ನೀವು ಗಟ್ಟಿಯಾಗಿ ಓದುವುದು, ಆಮೇಲಷ್ಟೇ ಅದು ಸಾವಿರಾರು ಜನರ ಫೋನಿಗೆ ಹೋಗುವುದು. ದಿನಾಂಕ ಬಂದರೆ ಬೆರಳಿಟ್ಟು ಓದುತ್ತಿದ್ದಿರಿ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ತಾಯಿ, ನೀನಿಲ್ಲಿ ಗುಂಡಿ ಒತ್ತಿದ್ರೆ ಅಲ್ಲೊಬ್ಬ ಮಾರ್ತಾನೆ' ಎನ್ನುತ್ತಿದ್ದಿರಿ. ಹಾಗೆ ನಿಂತು ನಿಂತು ಓದುವುದಕ್ಕೇ ನಿಮಗೆ 'ಅಲ್ಪವಿರಾಮ' ಎಂಬ ಅಡ್ಡಹೆಸರು ಬಿತ್ತು. ಇಟ್ಟವಳು ನಾನೇ, ಇವತ್ತು ಒಪ್ಪಿಕೊಳ್ಳುತ್ತೇನೆ.

ಬೇರೆ ಸಂಸ್ಥೆಯವರ ಸುದ್ದಿ ನಮಗಿಂತ ನಲವತ್ತು ಸೆಕೆಂಡು ಮೊದಲು ಹೋಗುತ್ತದೆ ಎಂದು ಮ್ಯಾನೇಜರು ತೋರಿಸಿದರು. ಆ ನಲವತ್ತು ಸೆಕೆಂಡು ನೀವೇ ಆಗಿದ್ದಿರಿ. ಅದಕ್ಕೇ ನಿಮ್ಮನ್ನು ಕೆಲಸದಿಂದ ಬಿಡಿಸಿದರು. ಬೀಳ್ಕೊಟ್ಟ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ನೀವು ಹೋದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಬಾಯಿ ತೆರೆಯದ ದಿನಗಳೂ ಇದ್ದವು.

ಹದಿನೇಳು ದಿನದ ಹಿಂದಿನ ಆ ಮಂಗಳವಾರ ಒಂದು ಪ್ರಕಟಣೆ ಬಂತು: ಪಂಪು ತಯಾರಿಸುವ ಕಂಪನಿಯ ದೊಡ್ಡ ಕಾರ್ಖಾನೆ ಮುಚ್ಚುತ್ತದೆ. ಮುದ್ರೆ ಇತ್ತು, ಸಹಿ ಇತ್ತು, ದಿನ, ತಿಂಗಳೂ ಸರಿಯಿದ್ದವು. ವರ್ಷ ಮಾತ್ರ ಹಿಂದಿನದು. ದುರಸ್ತಿಗೆಂದು ಎರಡು ವಾರ ಮುಚ್ಚಿದ್ದಾಗಿನ ಕಾಗದವನ್ನು ಯಾರೋ ಮತ್ತೆ ಹರಿಯಬಿಟ್ಟಿದ್ದರು. ನಾನು ಒಂಬತ್ತೇ ಸೆಕೆಂಡಿನಲ್ಲಿ ಕಳಿಸಿದೆ, ಎಲ್ಲರಿಗಿಂತ ಮೊದಲು. ಜನ ಮಾರಿದರು, ಬೆಲೆ ಬಿತ್ತು. ಬಿದ್ದದ್ದೇ ಇನ್ನೊಂದು ಸುದ್ದಿಯಾಯಿತು, ಅದನ್ನೂ ನಾನೇ ಕಳಿಸಿದೆ. ಅದನ್ನು ನೋಡಿ ಮತ್ತಷ್ಟು ಜನ ಮಾರಿದರು. ಹನ್ನೊಂದು ನಿಮಿಷದ ಮೇಲೆ ತಿದ್ದುಪಡಿ ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಬೆಲೆ ಏನೂ ಆಗಿಲ್ಲವೆಂಬಂತೆ ಮೊದಲಿನ ಜಾಗಕ್ಕೆ ಬಂದು ಕೂತಿತು. ಮಾರಿದವರಿಗೆ ಮಾತ್ರ ಹಿಂದಿರುಗುವ ದಾರಿ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆಗ ನಿಮ್ಮ ಫೋನ್ ಬಂತು. ಕೆಲಸ ಬಿಡಿಸುವಾಗ ಕೊಟ್ಟ ದುಡ್ಡನ್ನೆಲ್ಲ ನೀವು ಆ ಕಂಪನಿಯ ಷೇರಿಗೆ ಹಾಕಿದ್ದಿರೆಂದು ನನಗೆ ಗೊತ್ತಿರಲಿಲ್ಲ. 'ಸುದ್ದಿ ಕೆಳಗೆ ನಿನ್ನ ಹೆಸರಿತ್ತಲ್ಲ ತಾಯಿ, ನಂಬಿ ಮಾರ್ಬಿಟ್ಟೆ. ನನ್ನ ಜೀವಮಾನದಲ್ಲಿ ಇದೊಂದನ್ನೇ ನಾನು ಎರಡ್ನೇ ಸಲ ಓದ್ಲಿಲ್ಲ' ಎಂದಿರಿ. ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಯಾರನ್ನೂ ನಂಬದೆ ಪ್ರಮಾಣಿಸಿ ನೋಡುತ್ತಿದ್ದ ಮನುಷ್ಯ ನೀವು, ನನ್ನೊಬ್ಬಳನ್ನು ನಂಬಿದ್ದಿರಿ ಎಂಬುದನ್ನು ಎಲ್ಲಿ ಇಟ್ಟುಕೊಳ್ಳಲಿ, ಹೇಳಿ.

ಕೆಟ್ಟ ಮೇಲೆ ಬುದ್ಧಿ ಬಂದಿದೆ. ನಿಮ್ಮ ಕುರ್ಚಿಯ ಮೇಲಿದ್ದ ಕೀಬೋರ್ಡುಗಳನ್ನು ಇಳಿಸಿ, ಅದನ್ನು ಒರೆಸಿದೆ. ಈಗ ಪ್ರತಿ ಸುದ್ದಿಯನ್ನೂ ಅದಕ್ಕೆ ಗಟ್ಟಿಯಾಗಿ ಓದಿ ಹೇಳಿ ಕಳಿಸುತ್ತೇನೆ. ಆಫೀಸಿನವರು ನಗುತ್ತಾರೆ. ತಡವಾಗುತ್ತಿದೆ ಎಂದು ಎರಡು ನೋಟೀಸು ಬಂದಿವೆ, ಮೂರನೆಯದು ಬಂದರೆ ನನಗೂ ಚಪ್ಪಾಳೆ. ತಟ್ಟಲಿ ಬಿಡಿ.

ಈ ಕಾಗದ ನಿಮ್ಮ ಕೈ ಸೇರಲು ಮೂರು ದಿನ ಬೇಕು. ಇದನ್ನೂ ಕುರ್ಚಿಗೆ ಓದಿ ಹೇಳಿದೆ, ಮೇಲಿನ ದಿನಾಂಕದ ಮೇಲೆ ಬೆರಳಿಟ್ಟು. ಉತ್ತರಕ್ಕೆ ಅವಸರವಿಲ್ಲ. ಎರಡು ಸಲ ಓದಿ, ಆಮೇಲೆ ಬೈಯಿರಿ.

ನಿಮಗೆ ನೆಮ್ಮದಿ ಸಿಗಲಿ ಎಂದು ಹಾರೈಸುವ,
ನಿಮ್ಮ ಎದುರು ಕುರ್ಚಿಯವಳು