ಗಾಜಿನ ಪೆಟ್ಟಿಗೆಯೊಳಗಿನ ಅರಿಶಿನದ ಕಲೆ

ನಗರ ಗ್ರಂಥಾಲಯ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

2021ರ ನವೆಂಬರ್ 18, ಗುರುವಾರ, ಡೊಂಬಿವಲಿ ಪೂರ್ವದ ನಿಮ್ಮ ಶಾಖಾ ಗ್ರಂಥಾಲಯದಿಂದ ಗ್ರಂಥಪಾಲಕಿ ರಮಾಮಣಿಯವರನ್ನು ನೀವು ಕಿತ್ತುಹಾಕಿದಿರಿ. ಹದಿನಾರು ವರ್ಷ ಆ ಬಾಗಿಲಿನ ಬೀಗ ಬೆಳಿಗ್ಗೆ ತೆಗೆದು ಸಂಜೆ ಹಾಕಿದ ಹೆಂಗಸಿಗೆ ನೀವು ಕೊಟ್ಟದ್ದು ಅರ್ಧ ಪುಟದ ಆದೇಶ. ಲಾಕ್‌ಡೌನ್ ಕಾಲದಲ್ಲಿ ಅನುಮತಿಯಿಲ್ಲದೆ ಪುಸ್ತಕಗಳನ್ನು ಹೊರಗೆ ಸಾಗಿಸಿದರು, ಕನ್ನಡ ಕಪಾಟಿನ ನಲವತ್ತೊಂದು ಪುಸ್ತಕ ಕಾಣೆಯಾಗಿವೆ, ಉಳಿದವು 'ಹಳದಿ ಕಲೆಗಳಿಂದ ವಿರೂಪಗೊಂಡಿವೆ' ಎಂದು ಅದರಲ್ಲಿ ಬರೆದಿದ್ದಿರಿ. ಈ ವರ್ಷ ಜನವರಿ 12ರ ಭಾನುವಾರ, ಅದೇ ಹಳದಿ ಕಲೆಯ ಒಂದು ಪುಸ್ತಕವನ್ನು ನಿಮ್ಮ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು, ಮೇಲೊಂದು ದೀಪ ಉರಿಸಿ, ಕೆಳಗೆ ಚೀಟಿ ಅಂಟಿಸಿದಿರಿ: 'ಮಹಾಮಾರಿಯ ದಿನಗಳಲ್ಲಿ ನಮ್ಮ ವಿಭಾಗ ಓದುಗರ ಮನೆಗೆ ಮುಟ್ಟಿಸಿದ ಪುಸ್ತಕ. ಹಳದಿ ಗುರುತು ಓದುಗರ ಪ್ರೀತಿಯದು.'

ಮೂರು ವರ್ಷದಲ್ಲಿ ವಿರೂಪ ಪ್ರೀತಿಯಾದದ್ದು ಹೇಗೆ? ಯಾವ ಸಾಬೂನಿನಲ್ಲಿ ತೊಳೆದಿರಿ? ನಮ್ಮ ಮನೆಯಲ್ಲೂ ಹಳೆಯ ಕಲೆಗಳಿವೆ, ಹೆಸರು ಹೇಳಿದರೆ ಉಪಕಾರವಾದೀತು.

ನಿಮಗೆ ಕನ್ನಡ ಬಾರದೆಂದು ನನಗೆ ಗೊತ್ತು. ಈ ಪತ್ರದ ಮರಾಠಿ ಪ್ರತಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನಿಮ್ಮ ಕಚೇರಿಗೆ ಸೇರಿದೆ, ಸಹಿ ಮಾಡಿ ತೆಗೆದುಕೊಂಡ ರಸೀದಿಯೂ ನನ್ನಲ್ಲಿದೆ. ಕನ್ನಡದಲ್ಲಿ ಅಚ್ಚು ಹಾಕಿಸುತ್ತಿರುವುದು ನಮ್ಮವರು ಓದಲಿ ಎಂದು. ಅವರಿಗೂ ಇದರಲ್ಲಿ ಪಾಲಿದೆ. ನನಗೂ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಅಂಬರನಾಥದ ಒಂದು ಬಣ್ಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗೋಡೌನ್ ಕೀಪರ್ ಆಗಿದ್ದೆ. ಸರಕು ಗೋಡೌನಿನಲ್ಲಿ ಇಲ್ಲ ಎಂದ ಮಾತ್ರಕ್ಕೆ ಕಾಣೆಯಾಗಿದೆ ಎಂದು ನಾವು ಬರೆಯುತ್ತಿರಲಿಲ್ಲ. ಹೊರಗೆ ಹೋಗಿದೆಯೇ, ಯಾರ ಕೈಗೆ ಹೋಗಿದೆ, ಯಾಕೆ ತಿರುಗಿ ಬಂದಿಲ್ಲ ಎಂದು ಮೊದಲು ಕೇಳಬೇಕು. ಹಾಗೆ ಕೇಳದೆ ಬರೆದವನನ್ನು ನಮ್ಮ ಮ್ಯಾನೇಜರು ಊಟದ ಹೊತ್ತಿನಲ್ಲಿ ಎಲ್ಲರೆದುರು ನಿಲ್ಲಿಸಿ ವಿಚಾರಿಸುತ್ತಿದ್ದರು. ನಿಮಗೆ ಅಂಥ ಮ್ಯಾನೇಜರು ಸಿಗಲಿಲ್ಲ. ಆ ಕೊರತೆ ತುಂಬಲು ಈ ಪತ್ರ.

2020ರ ಮಾರ್ಚ್ ಕೊನೆಯ ವಾರ ನೆನಪಿದೆಯೇ? ನಿಮ್ಮ ಕಚೇರಿಗೆ ರಮಾಮಣಿಯವರು ಹನ್ನೊಂದು ಸಲ ಫೋನ್ ಮಾಡಿದರು. ಕನ್ನಡ ಕಪಾಟಿನ ಓದುಗರಲ್ಲಿ ಬಹಳ ಮಂದಿ ಅರವತ್ತು ದಾಟಿದವರು, ಮನೆಯಲ್ಲಿ ಹುಚ್ಚು ಹಿಡಿದಂತಾಗಿದ್ದಾರೆ, ಪುಸ್ತಕ ಮುಟ್ಟಿಸಲು ಅಪ್ಪಣೆ ಕೊಡಿ ಎಂದು ಕೇಳಬೇಕಿತ್ತು. ಹನ್ನೊಂದು ಸಲವೂ ಫೋನು ಬರೀ ಹೊಡೆದುಕೊಂಡಿತು. ಬೀಗದ ಕೈ ಅವರ ಬಳಿಯೇ ಇತ್ತು, ಗ್ರಂಥಾಲಯ ಮನೆಯ ಹಿಂದಿನ ಗಲ್ಲಿಯಲ್ಲಿತ್ತು. ಅವರು ಬಾಗಿಲು ತೆಗೆದರು. ಇದು ಅಪರಾಧವೆಂದು ನೀವು ಆದೇಶದಲ್ಲಿ ಬರೆದಿರಿ. ಆಮೇಲೆ ಅದನ್ನೇ 'ವಿಭಾಗದ ದೂರದೃಷ್ಟಿ' ಎಂದು ಪ್ರದರ್ಶನದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದಿರಿ. ಹತ್ತಿರದ ಫೋನೇ ಎತ್ತದವರ ದೃಷ್ಟಿ ಅಷ್ಟು ದೂರ ಹೋದದ್ದು ದೊಡ್ಡ ವಿಷಯವೇ.

ಸ್ಟೇಷನ್ ಪಕ್ಕ ಸಸ್ಯಾಹಾರಿ ಹೋಟೆಲು ನಡೆಸುವ ವಸಂತಕುಮಾರರು ಆಗ ಹೋಟೆಲು ಮುಚ್ಚಿ, ಪಾಸು ಮಾಡಿಸಿಕೊಂಡು, ಸ್ಕೂಟರಿನಲ್ಲಿ ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ಇಡ್ಲಿ ಹಿಟ್ಟು ಮಾರುತ್ತಿದ್ದರು. ರಮಾಮಣಿಯವರು ಹಿಟ್ಟಿನ ಚೀಲಗಳ ಜೊತೆ ಪುಸ್ತಕಗಳ ಚೀಲವನ್ನೂ ಅವರಿಗೆ ಕಟ್ಟಿಕೊಟ್ಟರು. ನಾವು ಮನೆಯ ಗ್ಯಾಲರಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಡುತ್ತಿದ್ದೆವು. ಹಿಟ್ಟೂ ಪುಸ್ತಕವೂ ಒಟ್ಟಿಗೆ ಮೇಲೆ ಬರುತ್ತಿದ್ದವು. ಓದಿದ ಪುಸ್ತಕ ಕೆಳಗೆ ಹೋಗಿ, ಅದೇ ಸ್ಕೂಟರಿನಲ್ಲಿ ಮುಂದಿನವರಿಗೆ ಕಲ್ಯಾಣಕ್ಕೋ ಠಾಕುರ್ಲಿಗೋ ಹೋಗುತ್ತಿತ್ತು.

ರಮಾಮಣಿಯವರು ಒಂದು ನಿಯಮ ಮಾಡಿದ್ದರು. ಪುಸ್ತಕ ಕಳಿಸುವ ಮೊದಲು ಮುಂದಿನವರಿಗೆ ಫೋನ್ ಮಾಡಿ, ಅದರಲ್ಲಿ ನಮಗೆ ಹಿಡಿಸಿದ ಒಂದು ಪುಟವನ್ನು ಓದಿ ಹೇಳಬೇಕು. ಹೇಳದಿದ್ದರೆ ಮುಂದಿನ ಪುಸ್ತಕವಿಲ್ಲ. ಇಪ್ಪತ್ತು ವರ್ಷ ಒಂದೇ ಕಪಾಟಿನ ಮುಂದೆ ಮೌನವಾಗಿ ನಿಂತವರು ಹೀಗೆ ಮೊದಲ ಸಲ ಒಬ್ಬರ ದನಿ ಒಬ್ಬರು ಕೇಳಿದೆವು. ಪುಟ ಓದಲು ಐದು ನಿಮಿಷ, ಆಮೇಲಿನ ಮಾತು ಒಂದು ಗಂಟೆ.

ಆ ವರ್ಷ ಜೂನ್‌ನಲ್ಲಿ ನನ್ನ ಹೆಂಡತಿ ಜಯಲತಾಳನ್ನು ಹದಿನಾಲ್ಕು ದಿನ ಐಸೋಲೇಷನ್ ಕೇಂದ್ರದಲ್ಲಿಟ್ಟರು. ನನಗೆ ಮನೆಯಲ್ಲೇ ಬಂಧನ, ಬಾಗಿಲಿಗೆ ಬಿಲ್ಡಿಂಗಿನ ಸೊಸೈಟಿಯವರು ಅಂಟಿಸಿದ ಚೀಟಿ. ರಮಾಮಣಿಯವರು ಸರದಿ ಬದಲಿಸಿದರು. ದಿನಾ ಮಧ್ಯಾಹ್ನ ಒಬ್ಬರು ಜಯಲತಾಳ ಫೋನಿಗೆ ಓದಬೇಕು. ಹೆಚ್ಚು ದಿನ ಓದಿದವರು ಕಲ್ಯಾಣದಲ್ಲಿ ಬ್ಲೌಸ್ ಹೊಲಿಯುವ, ಕಲಬುರಗಿ ಕಡೆಯ ಶರಣಬಸಮ್ಮ. ಜಯಲತಾ ಉಡುಪಿಯವಳು, ಮನೆಯಲ್ಲಿ ತುಳು. ಮೊದಲ ದಿನ ಅರ್ಧ ಅರ್ಥವಾಗಲಿಲ್ಲವಂತೆ. ಮೂರನೆಯ ದಿನ ಶರಣಬಸಮ್ಮ ಓದು ನಿಲ್ಲಿಸಿ, "ಅಕ್ಕಾರ, ಈ ಪುಸ್ತಕದಾಗಿನ ಮಂದಿ ಬರೇ ಕಾಫಿ ಕುಡೀತಾರ್ರೀ. ನಲವತ್ತು ಪುಟ ಆತು, ಒಬ್ಬರರ ಊಟ ಮಾಡವಲ್ಲರು" ಎಂದರು. ಆಕ್ಸಿಜನ್ ನಳಿಗೆಯೊಳಗೇ ಜಯಲತಾ ನಕ್ಕಳಂತೆ. ನರ್ಸು ಓಡಿ ಬಂದಳು, ಏನಾಯಿತೋ ಎಂದು. ಮನೆಗೆ ಬಂದ ದಿನ ನನ್ನ ಹೆಂಡತಿ ನನಗೆ ಹೇಳಿದ ಮೊದಲ ಮಾತು, "ಅವರು ಕಡೆಗೆ ಊಟ ಮಾಡಿದ್ರು, ಗೊತ್ತುಂಟಾ? ಎಂಬತ್ತೆರಡನೇ ಪುಟದಲ್ಲಿ."

ಅರಿಶಿನ ಹಚ್ಚುವುದನ್ನು ಶುರು ಮಾಡಿದವಳೂ ಅವಳೇ. ಅದೇನೂ ಬುದ್ಧಿವಂತಿಕೆಯ ಕೆಲಸವಲ್ಲ, ನಮ್ಮಂಥವರಿಗೆ ಮಾತ್ರ ಹೊಳೆಯುವ ತಪ್ಪು. ಪುಸ್ತಕಕ್ಕೆ ಸ್ಯಾನಿಟೈಸರ್ ಬಳಿದರೆ ಅಕ್ಷರ ಹರಡುತ್ತದೆ, ಬರೀ ಬಿಸಿಲಿನಲ್ಲಿಡಿ ಎಂದು ರಮಾಮಣಿಯವರು ಹೇಳಿದ್ದರು. ಬರೀ ಬಿಸಿಲು ಸಾಲದೆಂದು ಜಯಲತಾ ಅರಿಶಿನದ ನೀರಿನಲ್ಲಿ ಬಟ್ಟೆ ಅದ್ದಿ ರಟ್ಟು, ಪುಟದಂಚು ಎಲ್ಲ ಒರೆಸಿ ಗ್ಯಾಲರಿಯ ಗ್ರಿಲ್ಲಿನ ಮೇಲೆ ಒಣಗಿಸಿದಳು. ಒಂದು ಪುಟ ಓದುವ ಫೋನಿನಲ್ಲೇ ಆ ಉಪಾಯವೂ ಹೋಯಿತು, ವಾರದೊಳಗೆ ಎಲ್ಲ ಮನೆಯಲ್ಲೂ ಅದೇ. ರಮಾಮಣಿಯವರಿಗೆ ವಿಪರೀತ ಸಿಟ್ಟು ಬಂತು.

"ಅಕ್ಕಾ, ಪುಸ್ತಕ ಏನು ಮೀನಾ, ಅರಿಶಿನ ಹಚ್ಚಿ ಇಡ್ಲಿಕ್ಕೆ?"

"ಹಚ್ಚಿಟ್ಟ ಮೀನು ಹಾಳಾಗೂದಿಲ್ಲ, ನೋಡು" ಎಂದಳು ಜಯಲತಾ.

2021ರ ಫೆಬ್ರವರಿಯಲ್ಲಿ ನೀವು ತಪಾಸಣೆಗೆ ಬಂದಿರಿ. ನಾನು ಪೇಪರು ಓದುವ ಮೇಜಿನಲ್ಲಿದ್ದೆ, ನಿಮಗೆ ಕಾಣಿಸಿರಲಿಕ್ಕಿಲ್ಲ. ನೀವು ಒಂದು ಪುಸ್ತಕವನ್ನು ಎರಡೇ ಬೆರಳಿನಲ್ಲಿ ಎತ್ತಿ, ಪುಸ್ತಕಗಳಿಗೆ ಹಳದಿ-ಕುಂಕುಮದ ಕಾರ್ಯಕ್ರಮ ಮಾಡಿದ್ದೀರಾ ಮೇಡಂ ಎಂದು ರಮಾಮಣಿಯವರನ್ನು ಮರಾಠಿಯಲ್ಲಿ ಕೇಳಿದಿರಿ. ಜೊತೆಗೆ ಬಂದಿದ್ದ ಇಬ್ಬರೂ ನಕ್ಕರು. ನಗುವುದು ಅವರ ನೌಕರಿಯ ಭಾಗ, ನನಗೆ ಅವರ ಮೇಲೆ ಕೋಪವಿಲ್ಲ. ಆಗ ರಮಾಮಣಿಯವರು, "ನಾನೇ ಹಚ್ಚಲು ಹೇಳಿದ್ದು ಸಾಹೇಬ್" ಎಂದರು. ಅವರು ಹೇಳಿರಲಿಲ್ಲ. ಬೈದಿದ್ದರು. ಹೇಳಿಕೊಟ್ಟವಳ ಗಂಡ ಹತ್ತು ಅಡಿ ದೂರದಲ್ಲಿ ಪೇಪರು ಮುಖಕ್ಕೆ ಹಿಡಿದು ಕೂತಿದ್ದ.

ಆ ವರ್ಷ ಅಕ್ಟೋಬರಿನಲ್ಲಿ ನೋಟೀಸು ಅಂಟಿತು: ಹೊರಗಿರುವ ಕನ್ನಡ ಪುಸ್ತಕಗಳನ್ನೆಲ್ಲ ಹದಿನೈದು ದಿನದಲ್ಲಿ ಹಿಂದಿರುಗಿಸಬೇಕು. ಕನ್ನಡ ಕಪಾಟು ಭಿವಂಡಿಯ ಒಂದು ಗೋಡೌನಿಗೆ ಹೋಗಲಿದೆ ಎಂಬ ಸುದ್ದಿ ಅದಕ್ಕೂ ಮೊದಲೇ ಬಂದಿತ್ತು. ಗೋಡೌನು ಎಂದರೇನೆಂದು ನನಗೆ ಗೊತ್ತು. ವಸಂತಕುಮಾರರು ಫೋನ್ ಮಾಡಿದರು.

"ಕೊಡುದು ಬೇಡ ಮಾರಾಯ್ರೆ. ಕೊಟ್ರೆ ಭಿವಂಡಿಯ ಇಲಿಗಳು ಕನ್ನಡ ಕಲೀತಾವೆ, ಅಷ್ಟೆ."

ನಾನು ನಕ್ಕೆ, ಒಪ್ಪಿದೆ, ಮುಂದಿನವರಿಗೆ ಫೋನ್ ಮಾಡಿದೆ. ಒಂದೇ ದಿನದಲ್ಲಿ ಇಪ್ಪತ್ತಾರು ಮನೆಗಳು ಒಪ್ಪಿದವು. ರಮಾಮಣಿಯವರಿಗೆ ತಿಳಿಸುವುದು ಬೇಡ, ತಿಳಿದರೆ ಅವರು ಸುಳ್ಳು ಹೇಳಬೇಕಾಗುತ್ತದೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಎಷ್ಟು ಮುಂದಾಲೋಚನೆ ನೋಡಿ. ಅವರು ಒಬ್ಬೊಬ್ಬರಿಗೂ ಫೋನ್ ಮಾಡಿ ಪುಸ್ತಕ ಕೇಳಿದರು. "ಮುಂದಿನವರಿಗೆ ಕಳಿಸಿದೆನಲ್ಲ" ಎಂದು ಒಬ್ಬೊಬ್ಬರೂ ಹೇಳಿದೆವು. ನಾನು ಶರಣಬಸಮ್ಮನ ಹೆಸರು ಹೇಳಿದೆ, ಶರಣಬಸಮ್ಮ ವಸಂತಕುಮಾರರದು, ವಸಂತಕುಮಾರರು ಮತ್ತೆ ನನ್ನದು. ನಾಲ್ಕನೆಯ ದಿನ ರಮಾಮಣಿಯವರು ನನಗೆ ಎರಡನೆಯ ಸಲ ಫೋನ್ ಮಾಡಿದರು. ನಾನು ಮತ್ತೆ ಅದೇ ಹೆಸರು ಹೇಳಿದೆ. ಅವರು, "ಆಯ್ತು ಮುರಾರಿಯವರೇ, ಜೋಪಾನ. ಮಳೆ ತಾಗದ ಹಾಗೆ ಇಡಿ" ಎಂದಷ್ಟೇ ಹೇಳಿ ಇಟ್ಟರು.

ನಾವು ಕಪಾಟನ್ನು ಉಳಿಸುತ್ತಿದ್ದೇವೆ ಎಂದುಕೊಂಡಿದ್ದೆವು. ನೀವು ಬರೆದ ನಲವತ್ತೊಂದು ಪುಸ್ತಕದ ಆರೋಪವನ್ನು ತಯಾರಿಸಿ ಕೊಟ್ಟವರು ನಾವು. ಯಾವ ಪುಸ್ತಕ ಯಾರಿಗೆ ಹೋಯಿತೆಂಬ ನೋಟ್‌ಬುಕ್ಕು ರಮಾಮಣಿಯವರ ಕೈಯಲ್ಲಿತ್ತು. ವಿಚಾರಣೆಯ ದಿನ ಅದನ್ನು ನಿಮ್ಮ ಮೇಜಿನ ಮೇಲಿಟ್ಟಿದ್ದರೆ ಅವರು ಅಂದೇ ಆರೋಪದಿಂದ ಬಿಡುಗಡೆಯಾಗುತ್ತಿದ್ದರು, ಇಪ್ಪತ್ತಾರು ಮನೆಗೆ ನೋಟೀಸು ಬರುತ್ತಿತ್ತು. ಓದುಗರ ಹೆಸರು ಹೇಳುವುದಿಲ್ಲ ಎಂದರಂತೆ. ನೀವು ಅದನ್ನು 'ಸಹಕರಿಸಲಿಲ್ಲ' ಎಂದು ಬರೆದುಕೊಂಡಿರಿ. ಆದೇಶ ಬಂದ ಮೇಲೆ ನಾವು ಮುಖ ತಗ್ಗಿಸಿಕೊಂಡು ಅವರ ಮನೆಗೆ ಹೋದೆವು, ಎಲ್ಲ ಒಪ್ಪಿಕೊಳ್ಳುತ್ತೇವೆ ಎಂದೆವು. ಬೇಡ ಎಂದರು. ಬೇಡ ಎಂದದ್ದೇ ಸಾಕಾಯಿತು ನಮಗೆ, ಮನೆಗೆ ಬಂದು ಮಲಗಿದೆವು. ಮೂರು ವರ್ಷ ಮಲಗಿದೆವು.

ಈಗ ಅವರು ವಸಂತಕುಮಾರರ ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ ನಿಲ್ಲುತ್ತಾರೆ. ಕಳೆದ ವರ್ಷ ನವಿ ಮುಂಬಯಿಯ ಒಂದು ಶಾಲೆ ತನ್ನ ಗ್ರಂಥಾಲಯಕ್ಕೆ ಅವರನ್ನು ಆರಿಸಿ, ನಿಮ್ಮ ಆದೇಶದ ಪ್ರತಿ ಕೈಗೆ ಬಂದ ಮೇಲೆ ಬೇಡವೆಂದಿತು. ಸ್ಟೇಷನ್ನಿಗೆ ಹೋಗುವಾಗ ಅವರು ಗ್ರಂಥಾಲಯದ ಗಲ್ಲಿ ಬಿಟ್ಟು ಮಾರ್ಕೆಟ್ಟಿನ ಸುತ್ತು ಹಾಕುತ್ತಾರೆ. ಹೋಟೆಲಿನಲ್ಲಿ ಚಟ್ನಿ ಕಟ್ಟುವ ಹಳೆಯ ಪೇಪರನ್ನೂ ಅವರು ಓದುವುದಿಲ್ಲ. ನಾನು ಗಮನಿಸಿದ್ದೇನೆ.

ಜನವರಿಯಲ್ಲಿ ನಿಮ್ಮ ಪ್ರದರ್ಶನ ನೋಡಲು ಹೋಗೋಣವೆಂದವಳು ಜಯಲತಾ. ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು. ರಟ್ಟಿನ ಮೂಲೆಯಲ್ಲಿ ಒಂದು ಹೆಬ್ಬೆಟ್ಟಿನ ಹಳದಿ ಗುರುತಿದೆ, ನಡುವೆ ಅಡ್ಡಕ್ಕೆ ಒಂದು ಸಣ್ಣ ಗೀರು. ಜಯಲತಾಳಿಗೆ ಚಿಕ್ಕಂದಿನಲ್ಲಿ ತೆಂಗಿನಕಾಯಿ ತುರಿಯುವಾಗ ಆದ ಗಾಯದ ಗೀರು ಅದು. ಅವಳು ತನ್ನ ಹೆಬ್ಬೆರಳನ್ನು ಗಾಜಿಗೆ ಒತ್ತಿ ಹಿಡಿದು, "ಇದು ನನ್ನದು. ಇವರದ್ದು ಹೇಗಾಯ್ತು?" ಎಂದಳು. ಗಾಜು ಮುಟ್ಟಬೇಡಿ ಆಂಟಿ ಎಂದ ನಿಮ್ಮ ಕಾವಲುಗಾರ. ನಮ್ಮ ಮೂರು ವರ್ಷದ ನಿದ್ದೆ ಅಲ್ಲಿಗೆ ಮುಗಿಯಿತು.

ಮಾರ್ಚ್ 23ರ ಭಾನುವಾರ ಸಂಜೆ, ಲಾಕ್‌ಡೌನಿಗೆ ಐದು ವರ್ಷವಾಗುವ ಸಂದರ್ಭದಲ್ಲಿ, 'ಸಂಕಟ ಕಾಲದ ಅನನ್ಯ ಗ್ರಂಥಾಲಯ ಸೇವೆ'ಗಾಗಿ ನಿಮಗೆ ಸನ್ಮಾನವಂತೆ. ಆಮಂತ್ರಣದಲ್ಲಿ 'ಸರ್ವರಿಗೂ ಸ್ವಾಗತ' ಎಂದಿದೆ. ನಾವು ಬರುತ್ತೇವೆ, ಇಪ್ಪತ್ತಾರು ಮನೆಯವರೂ. ನಿಮ್ಮ ಕಾಣೆಯಾದ ನಲವತ್ತೊಂದು ಪುಸ್ತಕಗಳೂ ಬರುತ್ತವೆ, ಒಂದೂ ಕಡಿಮೆಯಿಲ್ಲ, ಮಳೆ ತಾಗಿಲ್ಲ. ಓದುಗರಲ್ಲಿ ಇಬ್ಬರು ಎರಡನೆಯ ಅಲೆಯಲ್ಲಿ ತೀರಿಕೊಂಡರು. ಕನ್ನಡ ಓದಲು ಬಾರದ ಅವರ ಮಕ್ಕಳು ಮನೆಯಲ್ಲುಳಿದ ಪುಸ್ತಕಗಳನ್ನು ಹಿಡಿದು ತರುತ್ತಾರೆ. ಮುಂದಿನ ಎರಡು ಸಾಲಿನಲ್ಲಿ ಕೂರುತ್ತೇವೆ. ನಿಮಗೆ ಶಾಲು ಹೊದಿಸುವಾಗ ಶರಣಬಸಮ್ಮ ಎದ್ದು ನಿಂತು ಒಂದು ಪುಟ ಓದುತ್ತಾರೆ. ಅವರು ಕೂತ ಮೇಲೆ ಇನ್ನೊಬ್ಬರು. ನಮ್ಮ ನಿಯಮ ನಿಮಗೀಗ ಗೊತ್ತಿದೆ. ನಲವತ್ತೊಂದು ಪುಟಕ್ಕೆ ಎಷ್ಟು ಹೊತ್ತು ಬೇಕೆಂದು ನಾನು ಲೆಕ್ಕ ಹಾಕಿಲ್ಲ, ನಿಮ್ಮ ಮುಖ್ಯ ಅತಿಥಿಗಳಿಗೆ ಊಟಕ್ಕೆ ಸ್ವಲ್ಪ ತಡವಾಗಬಹುದು. ಪುಸ್ತಕ ಬಚ್ಚಿಟ್ಟದ್ದಕ್ಕೆ ನಮ್ಮ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತೀರೋ ತೆಗೆದುಕೊಳ್ಳಿ, ಹೆಸರು ವಿಳಾಸ ಮರಾಠಿ ಪ್ರತಿಯ ಕೊನೆಯ ಪುಟದಲ್ಲಿವೆ. ಪುಸ್ತಕಗಳನ್ನು ಮಾತ್ರ ನಿಮ್ಮ ಕೈಗೆ ಕೊಡುವುದಿಲ್ಲ. ಅವು ರಮಾಮಣಿಯವರ ಕೈಗೇ ಹೋಗಬೇಕು, ಅದೂ ಗ್ರಂಥಾಲಯದ ಮೇಜಿನಾಚೆ ಅವರು ತಮ್ಮ ಕುರ್ಚಿಯಲ್ಲಿ ಕೂತಿರುವಾಗ.

ಇದನ್ನು ತಪ್ಪಿಸಲು ನಿಮಗೊಂದು ದಾರಿಯಿದೆ. ಅದೇ ವೇದಿಕೆಯಲ್ಲಿ, ಶಾಲಿಗೆ ಮೊದಲು, ಅದೇ ಮೈಕಿನಲ್ಲಿ 2021ರ ನವೆಂಬರ್ 18ರ ಆದೇಶವನ್ನು ಪೂರ್ತಿ ಓದಿ. ಆಮೇಲೆ ಗಾಜಿನ ಪೆಟ್ಟಿಗೆಯ ಚೀಟಿಯನ್ನೂ ಓದಿ. ಎರಡರಲ್ಲಿ ಯಾವುದು ಸುಳ್ಳು ಎಂದು ಹೇಳಿ. ಆದೇಶ ಸುಳ್ಳಾದರೆ ಅದನ್ನು ಅಲ್ಲೇ ಹಿಂತೆಗೆದುಕೊಂಡು ರಮಾಮಣಿಯವರ ಹೆಸರು ಹೇಳಿ, ಚೀಟಿ ಸುಳ್ಳಾದರೆ ಶಾಲು ಬೇಡವೆನ್ನಿ. ಖಾಸಗಿ ಉತ್ತರ ನನಗೆ ಬೇಡ, ಫೋನೂ ಬೇಡ, ನೀವು ಹನ್ನೊಂದು ಸಲ ಮಾಡಿದರೂ ಎತ್ತುವುದಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿ: ಆ ಪುಸ್ತಕ ನಮ್ಮ ಮನೆಗೆ ಮುಟ್ಟಿಸಿದ್ದು ಯಾರು?

ಇಂತಿ,
ಪೇಪರು ಮುಖದಿಂದ ಕೆಳಗಿಳಿಸಲು ನಾಲ್ಕು ವರ್ಷ ತೆಗೆದುಕೊಂಡ,
ನಿಮ್ಮ ಪಟ್ಟಿಯ ಹದಿನೇಳನೆಯ ಕಾಣೆಯಾದ ಪುಸ್ತಕ ಯಾರ ಮನೆಯಲ್ಲಿದೆಯೋ ಆ
ಮುರಾರಿ,
ಡೊಂಬಿವಲಿ ಪೂರ್ವ